ನೆಗ್ರಿ ಕಾಯದ ಹಿಂದಿನ ಮನುಷ್ಯ

ಪ್ರಥಮ ಪಿಯುಸಿಯಲ್ಲಿ ಜೀವಕೋಶದ ಪಾಠ ಬಂದಾಗ ಗಾಲ್ಗಿ ಸಂಕೀರ್ಣದ ಚಿತ್ರ ಬರೆಯದವರು ನಮ್ಮಲ್ಲಿ ಯಾರೂ ಇಲ್ಲ. ಒಂದರ ಮೇಲೊಂದು ಪೇರಿಸಿಟ್ಟ ತಟ್ಟೆಗಳ ಹಾಗೆ ನಾಲ್ಕೈದು ಬಾಗಿದ ಗೆರೆ, ಪಕ್ಕದಲ್ಲಿ ಒಂದಷ್ಟು ಗುಳ್ಳೆ. ಆ ಹೆಸರು ಇಟಲಿಯ ಕಮಿಲ್ಲೊ ಗಾಲ್ಗಿ ಎಂಬ ವಿಜ್ಞಾನಿಯದು. ಅದೇ ಗಾಲ್ಗಿಯವರ ಪ್ರಯೋಗಾಲಯದಲ್ಲಿ ಬೆಳೆದ ಇನ್ನೊಬ್ಬರ ಹೆಸರು ಎಂಬಿಬಿಎಸ್, ಪಶುವೈದ್ಯಕೀಯ, ಲ್ಯಾಬ್ ಟೆಕ್ನಾಲಜಿ ಓದುವ ಎಲ್ಲರ ಬಾಯಲ್ಲೂ ಇದೆ. ರೇಬೀಸ್ ಬಂದ ಮೆದುಳಿನಲ್ಲಿ ಸಿಗುವ ಗುರುತು ಯಾವುದು ಎಂದು ಕೇಳಿದರೆ ನೆಗ್ರಿ ಕಾಯ ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ನೆಗ್ರಿ ಯಾರು ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ಇಷ್ಟು ಪ್ರಸಿದ್ಧವಾದ ಹೆಸರು, ಇಷ್ಟು ಅಪರಿಚಿತ ಮನುಷ್ಯ ಇನ್ನೊಬ್ಬರಿಲ್ಲ ಎಂದು ನನಗೆ ಅನಿಸುತ್ತದೆ.

ನಾನು ಇದೇ ಕಾಲೇಜಿನಲ್ಲಿ ಪಿಯುಸಿ ಮುಗಿಸಿ ಈಗ ಲ್ಯಾಬ್ ಟೆಕ್ನಾಲಜಿ ಓದುತ್ತಿದ್ದೇನೆ. ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಬಗ್ಗೆ ಬರೆದುಕೊಡಿ ಎಂದು ನಮ್ಮ ಜೀವಶಾಸ್ತ್ರದ ಉಪನ್ಯಾಸಕರು ಕೇಳಿದಾಗ ನೊಬೆಲ್ ಪಡೆದವರನ್ನು ಬಿಟ್ಟು ಈ ಅಡೆಲ್ಕಿ ನೆಗ್ರಿಯವರನ್ನೇ ಆರಿಸಿಕೊಂಡೆ. ಅದಕ್ಕೆ ಕಾರಣ ನಮ್ಮ ಪೀಣ್ಯದ ರಸ್ತೆಗಳೂ ಹೌದು. ಎರಡನೇ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದರ ನಂತರ ನಡೆದು ಬರುವವರಿಗೆ ನಾಯಿಗಳ ಗುಂಪು ಏನೆಂದು ಗೊತ್ತು. ಕಚ್ಚಿದ ಮೇಲೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಒಂದೇ: ಆ ನಾಯಿಗೆ ಹುಚ್ಚು ಹಿಡಿದಿತ್ತೋ ಇಲ್ಲವೋ? ಈ ಪ್ರಶ್ನೆಗೆ ಪ್ರಯೋಗಾಲಯದಿಂದ ಬೇಗ ಉತ್ತರ ಸಿಗುವಂತೆ ಮಾಡಿದವರು ನೆಗ್ರಿ.

ಪ್ರಶ್ನೆ ಹಳೆಯದು. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ಹುಚ್ಚುನಾಯಿ ಕಡಿತದ ಬಗ್ಗೆ ಬರೆದಿದ್ದಾರೆ. ನೀರು ಕಂಡರೆ ಗಂಟಲು ಹಿಡಿದುಕೊಳ್ಳುವುದು, ಗಾಳಿ ತಾಗಿದರೆ ಬೆಚ್ಚುವುದು, ಜೊಲ್ಲು, ಕೆರಳಿಕೆ, ಆಮೇಲೆ ಸಾವು. ಈ ಲಕ್ಷಣಗಳು ಆಗಿನ ಹಕೀಮರಿಗೆಲ್ಲ ಗೊತ್ತಿದ್ದವು. ಲಕ್ಷಣ ನೋಡಿ ಕಾಯಿಲೆಗೆ ಹೆಸರಿಡುವುದರಲ್ಲಿ ಅವರು ಹಿಂದೆ ಬಿದ್ದಿರಲಿಲ್ಲ. ಆದರೆ ಲಕ್ಷಣ ಕಾಣಿಸಿಕೊಳ್ಳುವ ಹೊತ್ತಿಗೆ ರೋಗಿ ಕೈತಪ್ಪಿರುತ್ತಾನೆ. ಕಡಿತ ಆದ ದಿನಕ್ಕೂ ಲಕ್ಷಣ ಬರುವ ದಿನಕ್ಕೂ ನಡುವೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಇರುತ್ತವೆ. ಗಾಯದಿಂದ ನರದ ದಾರಿ ಹಿಡಿದು ರೋಗಾಣು ಮೆದುಳಿಗೆ ಹತ್ತುವ ಈ ಅವಧಿಯಲ್ಲಿ ಮನುಷ್ಯ ಊಟ ಮಾಡುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಯಾವ ತೊಂದರೆಯೂ ಇರುವುದಿಲ್ಲ. ಉಳಿಸಿಕೊಳ್ಳಲು ಸಾಧ್ಯವಿರುವುದು ಆಗ ಮಾತ್ರ. ಆದ್ದರಿಂದ ಸುಳಿವು ಸಿಗಬೇಕಾದ್ದು ಮನುಷ್ಯನಲ್ಲಿ ಅಲ್ಲ, ಕಚ್ಚಿದ ಪ್ರಾಣಿಯಲ್ಲಿ.

1885ರಲ್ಲಿ ಲೂಯಿ ಪಾಶ್ಚರ್ ಪ್ಯಾರಿಸ್‌ನಲ್ಲಿ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಟ್ಟದ್ದು ನಮಗೆಲ್ಲ ಪಾಠದಲ್ಲಿ ಬಂದಿದೆ. ಅದಕ್ಕೆ ಮೊದಲೇ ಪಾಶ್ಚರ್ ಮತ್ತು ಅವರ ಸಹಾಯಕ ಎಮಿಲ್ ರೂ ಸೇರಿ ಒಂದು ಪರೀಕ್ಷೆಯನ್ನೂ ರೂಪಿಸಿದ್ದರು. ಅನುಮಾನವಿರುವ ನಾಯಿಯ ಮೆದುಳಿನ ಚೂರನ್ನು ಅರೆದು, ಮೊಲದ ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು ಒಳಪೊರೆಯ ಕೆಳಗೆ ಚುಚ್ಚಿ ಕಾಯುವುದು. ಎರಡು ಮೂರು ವಾರಗಳಲ್ಲಿ ಮೊಲದ ಹಿಂಗಾಲು ಬಿದ್ದುಹೋಗಿ ಸತ್ತರೆ ನಾಯಿಗೆ ರೇಬೀಸ್ ಇತ್ತು ಎಂದು ಅರ್ಥ. ಪರೀಕ್ಷೆ ಸರಿಯಾಗಿಯೇ ಇತ್ತು. ಆದರೆ ಕಚ್ಚಿಸಿಕೊಂಡವನಿಗೆ ಎರಡು ಮೂರು ವಾರ ಎಂದರೆ ಏನು ಎಂದು ಯೋಚಿಸಿ. ಮೊಲ ಸಾಯುವವರೆಗೆ ಕಾದರೆ ಲಸಿಕೆ ತಡವಾಗುತ್ತದೆ. ಕಾಯದೆ ಲಸಿಕೆ ಹಾಕಿಸಿಕೊಂಡರೆ, ಆ ಕಾಲದ ಲಸಿಕೆ ಪ್ರಾಣಿಯ ನರದಿಂದಲೇ ಮಾಡಿದ್ದು. ಕೆಲವರಿಗೆ ಅದರಿಂದಲೇ ಕೈಕಾಲು ಬಿದ್ದುಹೋಗುತ್ತಿತ್ತು. ಎರಡೂ ಕಡೆ ಭಯ.

ಈ ಇಕ್ಕಟ್ಟು ಹಾಗೇ ಇದ್ದ ಕಾಲದಲ್ಲಿ ನೆಗ್ರಿ ಓದು ಮುಗಿಸಿದರು. ಹುಟ್ಟಿದ್ದು 1876ರಲ್ಲಿ, ಮಧ್ಯ ಇಟಲಿಯ ಪೆರೂಜಾ ಪಟ್ಟಣದಲ್ಲಿ. ವೈದ್ಯಕೀಯ ಓದಲು ಉತ್ತರದ ಪಾವಿಯಾ ವಿಶ್ವವಿದ್ಯಾಲಯಕ್ಕೆ ಬಂದರು. 1900ರಲ್ಲಿ ಪದವಿ ಪಡೆದವರೇ ಗಾಲ್ಗಿಯವರ ಪ್ರಯೋಗಾಲಯದಲ್ಲಿ ಸಹಾಯಕರಾದರು.

ಆ ಪ್ರಯೋಗಾಲಯದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನೆಗ್ರಿ ಕಂಡದ್ದಕ್ಕೂ, ಕಂಡದ್ದನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದಕ್ಕೂ ಅದೇ ಕಾರಣ ಎಂದು ನನ್ನ ಅಭಿಪ್ರಾಯ. 1873ರಲ್ಲಿ ಗಾಲ್ಗಿ ಬೆಳ್ಳಿಯ ಲವಣ ಬಳಸಿ ನರಕೋಶಗಳಿಗೆ ಬಣ್ಣ ಹಿಡಿಸುವ ವಿಧಾನ ಕಂಡುಹಿಡಿದಿದ್ದರು. ನೂರಾರು ಕೋಶಗಳ ನಡುವೆ ಕೆಲವು ಮಾತ್ರ ಕಪ್ಪಾಗಿ, ಬೇರು ಕೊಂಬೆ ಸಮೇತ ಎದ್ದು ಕಾಣುತ್ತಿದ್ದವು. ಮೆದುಳು ಒಂದು ಗಂಜಿಯಂಥ ಮುದ್ದೆಯಲ್ಲ, ಕೋಶಗಳ ಕಾಡು ಎಂದು ಜಗತ್ತು ಕಣ್ಣಾರೆ ನೋಡಿದ್ದು ಆಗ. 1906ರ ನೊಬೆಲ್ ಬಹುಮಾನ ಇದಕ್ಕೇ ಬಂದದ್ದು, ಸ್ಪೇನ್‌ನ ಕಾಹಾಲ್ ಅವರ ಜೊತೆ ಹಂಚಿಕೆಯಾಗಿ. ಗಾಲ್ಗಿಯವರ ಇನ್ನೊಂದು ದೊಡ್ಡ ಕೆಲಸ ಮಲೇರಿಯಾದ ಮೇಲೆ. ರಕ್ತದಲ್ಲಿ ಮಲೇರಿಯಾ ಪರಾವಲಂಬಿ ಒಡೆದು ಹೊರಬರುವ ಹೊತ್ತಿಗೂ ರೋಗಿಗೆ ಚಳಿಜ್ವರ ಏರುವ ಹೊತ್ತಿಗೂ ತಾಳೆಯಿದೆ ಎಂದು 1880ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಹೀಗಾಗಿ ಆ ಪ್ರಯೋಗಾಲಯದಲ್ಲಿ ಪಳಗಿದ ಹುಡುಗನಿಗೆ ಎರಡು ವಿಷಯ ರಕ್ತಗತವಾಗಿರುತ್ತಿತ್ತು. ಒಂದು, ನರಕೋಶಕ್ಕೆ ಬಣ್ಣ ಹಾಕಿ ತಾಳ್ಮೆಯಿಂದ ನೋಡುವುದು. ಇನ್ನೊಂದು, ಕೋಶದೊಳಗೆ ಅಪರಿಚಿತ ಗೋಲ ಕಂಡರೆ ಅದೊಂದು ಪರಾವಲಂಬಿ ಇರಬಹುದು ಎಂದು ಶಂಕಿಸುವುದು.

ರೇಬೀಸ್ ರೋಗಾಣು ಯಾವುದು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಪಾಶ್ಚರ್ ಕೂಡ ಅದನ್ನು ನೋಡಿರಲಿಲ್ಲ. ನೋಡದೆಯೇ ಲಸಿಕೆ ಮಾಡಿದ್ದರು. ಅದನ್ನು ಹುಡುಕುವ ಕೆಲಸವನ್ನು ನೆಗ್ರಿ ಕೈಗೆತ್ತಿಕೊಂಡರು. ರೇಬೀಸ್‌ನಿಂದ ಸತ್ತ ನಾಯಿ, ಮೊಲಗಳ ಮೆದುಳನ್ನು ತೆಗೆದು, ಗಟ್ಟಿಗೊಳಿಸಿ, ತೆಳುವಾಗಿ ಕತ್ತರಿಸಿ, ಇಯೋಸಿನ್ ಮತ್ತು ಮೀಥೈಲ್ ಬ್ಲೂ ಸೇರಿದ ಮಾನ್ ಅವರ ಬಣ್ಣ ಹಾಕಿ ನೋಡುತ್ತ ಹೋದರು. ಈ ಕೆಲಸ ಕೇಳಲು ಸುಲಭ. ಒಂದು ಸ್ಲೈಡ್ ನೋಡಿ ಮುಗಿಸುವಷ್ಟರಲ್ಲಿ ಕಣ್ಣು ಸೋಲುತ್ತದೆ, ಕತ್ತು ಹಿಡಿಯುತ್ತದೆ; ನಮ್ಮ ಕಾಲದ ಒಳ್ಳೆಯ ಸೂಕ್ಷ್ಮದರ್ಶಕದಲ್ಲೇ ಹೀಗೆ. ಅವರ ಕೈಯಲ್ಲಿದ್ದದ್ದು ಸತ್ತ ಮೇಲೂ ರೋಗ ಹಬ್ಬಿಸಬಲ್ಲ ಮೆದುಳು ಎಂಬುದನ್ನೂ ಮರೆಯಬೇಡಿ. ಕೈಯಲ್ಲೊಂದು ಗೀರು ಬಿದ್ದರೆ ಸಾಕಿತ್ತು.

ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ನರಕೋಶಗಳಲ್ಲಿ, ಕೋಶಕೇಂದ್ರದ ಹೊರಗೆ, ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿ ಕೆಂಪಾಗಿ ಬಣ್ಣ ಹಿಡಿದ ಕಾಯಗಳು ಅವರಿಗೆ ಕಂಡವು. ಅವುಗಳ ಒಳಗೆ ಇನ್ನೂ ಚಿಕ್ಕ ಚುಕ್ಕೆಗಳು. ಅನುಮೆದುಳಿನ ಪರ್ಕಿಂಜೆ ಕೋಶಗಳಲ್ಲೂ ಅವು ಸಿಕ್ಕವು. ಗಾತ್ರ ಸಾಮಾನ್ಯವಾಗಿ ಎರಡರಿಂದ ಹತ್ತು ಮೈಕ್ರಾನ್. ದೊಡ್ಡವು ನಮ್ಮ ಕೆಂಪು ರಕ್ತಕಣವನ್ನೂ ಮೀರಿಸುತ್ತವೆ. ರೇಬೀಸ್‌ನಿಂದ ಸತ್ತ ಮನುಷ್ಯನ ಮೆದುಳಿನಲ್ಲೂ ಇದ್ದವು. ರೇಬೀಸ್ ಇಲ್ಲದ ಮೆದುಳಿನಲ್ಲಿ ಇರಲಿಲ್ಲ. 1903ರ ಮಾರ್ಚ್ 27ರಂದು ಪಾವಿಯಾದ ವೈದ್ಯರ ಸಂಘದ ಮುಂದೆ ನೆಗ್ರಿ ತಾವು ಕಂಡದ್ದನ್ನು ಮಂಡಿಸಿದರು. ವಯಸ್ಸು 26.

ಇವು ರೇಬೀಸ್ ಉಂಟುಮಾಡುವ ಪರಾವಲಂಬಿ ಜೀವಿಗಳು, ಮಲೇರಿಯಾ ಜೀವಿಯಂತೆ ಪ್ರೋಟೋಜೋವಾ ಗುಂಪಿನವು ಎಂದು ಅವರು ಹೇಳಿದರು. ಈ ಮಾತು ತಪ್ಪಾಗಿತ್ತು.

ತಪ್ಪು ಎಂದು ತೋರಿಸುವ ಪುರಾವೆ ಅದೇ 1903ರಲ್ಲಿ, ಆಗ ಕಾನ್‌ಸ್ಟಾಂಟಿನೋಪಲ್ ಎನ್ನುತ್ತಿದ್ದ ಇಸ್ತಾಂಬುಲ್‌ನಿಂದ ಬಂತು. ಇದರ ಹಿಂದಿನ ಕಥೆಯೂ ಚೆನ್ನಾಗಿದೆ. ಪಾಶ್ಚರ್ ಅವರ ಲಸಿಕೆಯ ಸುದ್ದಿ ಕೇಳಿದ ಉಸ್ಮಾನಿಯಾ ಸುಲ್ತಾನ್ ಎರಡನೇ ಅಬ್ದುಲ್ ಹಮೀದ್ 1886ರಲ್ಲಿ ತಮ್ಮ ವೈದ್ಯರ ತಂಡವೊಂದನ್ನು ಪ್ಯಾರಿಸ್‌ಗೆ ಕಳುಹಿಸಿದರು. ಪಾಶ್ಚರ್ ಸಂಸ್ಥೆಗೆ ಹಣದ ಸಹಾಯವನ್ನೂ ಕೊಟ್ಟರು. ಆ ವೈದ್ಯರು ಕಲಿತು ಹಿಂತಿರುಗಿದ ಮೇಲೆ 1887ರಲ್ಲಿ ಇಸ್ತಾಂಬುಲ್‌ನಲ್ಲೇ ರೇಬೀಸ್ ಚಿಕಿತ್ಸಾಲಯ ಆರಂಭವಾಯಿತು. ಮುಂದೆ ಆ ನಗರದಲ್ಲಿ ಕೆಲಸ ಮಾಡುತ್ತಿದ್ದ ಫ್ರೆಂಚ್ ವೈದ್ಯ ಪಾಲ್ ರೆಮ್ಲಿಂಜರ್ ಮತ್ತು ಅವರ ಜೊತೆಗಾರ ರಿಫಾತ್ ಬೇ ಸೇರಿ ಒಂದು ಸರಳ ಪ್ರಯೋಗ ಮಾಡಿದರು. ರೇಬೀಸ್ ತಗುಲಿದ ಮೆದುಳನ್ನು ನೀರಿನಲ್ಲಿ ಕದಡಿ, ಬ್ಯಾಕ್ಟೀರಿಯಾಗಳನ್ನೂ ತಡೆಹಿಡಿಯುವಷ್ಟು ಸಣ್ಣ ರಂಧ್ರಗಳಿರುವ ಬರ್ಕೆಫೆಲ್ಡ್ ಸೋಸುಕದಲ್ಲಿ ಸೋಸಿದರು. ಕೆಳಗೆ ಇಳಿದ ತಿಳಿನೀರನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳಿಗೆ ರೇಬೀಸ್ ಬಂತು. ಅಂದರೆ ರೋಗಾಣು ಆ ರಂಧ್ರ ದಾಟುವಷ್ಟು ಚಿಕ್ಕದು. ಹಲವು ಮೈಕ್ರಾನ್ ಗಾತ್ರದ ನೆಗ್ರಿ ಕಾಯ ಅದರಲ್ಲಿ ನುಸುಳುವ ಹಾಗಿಲ್ಲ.

ನೆಗ್ರಿ ಒಪ್ಪಲಿಲ್ಲ. ವಿಚಿತ್ರವೆಂದರೆ ಸೋಸುಕದ ವಿದ್ಯೆ ಅವರಿಗೂ ಚೆನ್ನಾಗಿ ಗೊತ್ತಿತ್ತು. ಸಿಡುಬಿನ ಲಸಿಕೆಯಲ್ಲಿರುವ ರೋಗಾಣು ಸೋಸುಕ ದಾಟುತ್ತದೆ ಎಂದು ಕೆಲವೇ ವರ್ಷಗಳಲ್ಲಿ ತೋರಿಸಿದವರಲ್ಲಿ ಅವರೂ ಒಬ್ಬರು. ತಾವು ಕಂಡುಹಿಡಿದ ಕಾಯಗಳ ವಿಷಯದಲ್ಲಿ ಮಾತ್ರ ಮನಸ್ಸು ಬದಲಿಸಲಿಲ್ಲ. ಇದನ್ನು ಹಠ ಎಂದು ನಗುವವರಿದ್ದಾರೆ. ಮಲೇರಿಯಾ ಜೀವಿಯ ನಡುವೆಯೇ ಬೆಳೆದ ಕಣ್ಣಿಗೆ ಬೇರೇನು ಕಾಣಬೇಕಿತ್ತು ಎಂದು ನನಗೆ ಅನಿಸುತ್ತದೆ. ವೈರಸ್ ಎಂಬುದನ್ನು ಕಣ್ಣಿಗೆ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರಲು ಇನ್ನೂ ಮೂವತ್ತು ವರ್ಷ ಇತ್ತು.

ಈ ವಾದ ನಡೆಯುತ್ತಿದ್ದರೂ ಊರೂರಿನ ಪ್ರಯೋಗಾಲಯಗಳು ನೆಗ್ರಿಯವರ ಗುರುತನ್ನು ಬಳಸತೊಡಗಿದವು. ಅದು ಏನು ಎಂಬುದು ಬೇರೆ ಪ್ರಶ್ನೆ, ಅದು ಎಲ್ಲಿ ಇರುತ್ತದೆ ಎಲ್ಲಿ ಇರುವುದಿಲ್ಲ ಎಂಬುದು ಬೇರೆ ಪ್ರಶ್ನೆ. ಎರಡನೆಯ ಪ್ರಶ್ನೆಗೆ ನೆಗ್ರಿಯವರ ಉತ್ತರ ಗಟ್ಟಿಯಾಗಿತ್ತು, ರೋಗ ಪತ್ತೆಗೆ ಬೇಕಾದದ್ದೂ ಅದೇ. ಕಾಯ ಕಂಡರೆ ನಾಯಿಗೆ ರೇಬೀಸ್ ಇತ್ತು, ಮೊಲಕ್ಕಾಗಿ ಕಾಯಬೇಕಿಲ್ಲ. ಇದರ ಉಪಯೋಗ ಗೊತ್ತಾಗಿ ನೆಗ್ರಿಯವರೇ ರೋಗ ಪತ್ತೆಯ ಕುರಿತು ಪ್ರತ್ಯೇಕವಾಗಿ ಬರೆದರು. ನ್ಯೂಯಾರ್ಕ್‌ನಲ್ಲಿ ಅನ್ನಾ ವಿಲಿಯಮ್ಸ್ ಎಂಬ ವೈದ್ಯೆ ಇದೇ ಕಾಯಗಳನ್ನು ತಾವಾಗಿಯೇ ಕಂಡಿದ್ದರು. ಮೊದಲು ಪ್ರಕಟಿಸಿದವರು ನೆಗ್ರಿ ಆದ್ದರಿಂದ ಹೆಸರು ಅವರದಾಯಿತು. ಆದರೆ ವಿಲಿಯಮ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೆದುಳನ್ನು ಗಟ್ಟಿಗೊಳಿಸಿ ಕತ್ತರಿಸುವ ದಿನಗಟ್ಟಲೆ ಕೆಲಸ ಬಿಟ್ಟು, ಹಸಿ ಮೆದುಳನ್ನೇ ಗಾಜಿನ ಮೇಲೆ ಸವರಿ ಬಣ್ಣ ಹಾಕುವ ವಿಧಾನ ತಂದರು. ವಾರಗಳ ಕೆಲಸ ದಿನಗಳಿಗೆ, ದಿನಗಳದ್ದು ಗಂಟೆಗೆ ಇಳಿಯಿತು. ಹೀಗೆ ಸವರಿ ನೋಡುವ ಪದ್ಧತಿ ದಶಕಗಳ ಕಾಲ ನಡೆಯಿತು. ಮುಂದೆ ಬಂದ ಸೆಲ್ಲರ್ಸ್ ಬಣ್ಣದಲ್ಲಿ ನೆಗ್ರಿ ಕಾಯ ಕಡುಗೆಂಪಾಗಿ, ಒಳಗಿನ ಚುಕ್ಕೆಗಳು ಕಡುನೀಲಿಯಾಗಿ ಕಾಣುತ್ತವೆ.

1906ರಲ್ಲಿ ನೆಗ್ರಿ ಲೀನಾ ಲುತ್ಸಾನಿ ಅವರನ್ನು ಮದುವೆಯಾದರು. ಲೀನಾ ಅವರೂ ಅದೇ ಕ್ಷೇತ್ರದ ಸಂಶೋಧಕಿ. ರೇಬೀಸ್ ಪತ್ತೆಗೆ ಈ ಕಾಯಗಳನ್ನು ನಂಬಬಹುದೇ ಎಂದು ಸ್ವತಃ ಪರೀಕ್ಷಿಸಿ ನೋಡಿದವರು. ಪಠ್ಯಪುಸ್ತಕದಲ್ಲಿ ಅವರ ಹೆಸರಿಲ್ಲ. ನೆಗ್ರಿ ಆಮೇಲೆ ಮಲೇರಿಯಾ ತಡೆಯುವ ಕೆಲಸಕ್ಕೆ ಲೊಂಬಾರ್ಡಿಯ ಹಳ್ಳಿಗಳಲ್ಲಿ ಓಡಾಡಿದರು. ಬತ್ತದ ಗದ್ದೆಗಳ ಆ ಸೀಮೆಯಲ್ಲಿ ಸೊಳ್ಳೆಗೆ ಕೊರತೆಯಿರಲಿಲ್ಲ. 1909ರಲ್ಲಿ ಪಾವಿಯಾದಲ್ಲಿ ಬ್ಯಾಕ್ಟೀರಿಯಾ ಶಾಸ್ತ್ರದ ಪ್ರಾಧ್ಯಾಪಕರಾದರು.

ಆ ಹುದ್ದೆಯಲ್ಲಿ ಮೂರು ವರ್ಷವೂ ಸರಿಯಾಗಿ ಇರಲಿಲ್ಲ. 1912ರ ಫೆಬ್ರವರಿ 19ರಂದು ಕ್ಷಯದಿಂದ ತೀರಿಕೊಂಡರು. ವಯಸ್ಸು 35. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲೇ ಕಂಡುಹಿಡಿದಿದ್ದರು. ಕಫಕ್ಕೆ ಬಣ್ಣ ಹಾಕಿ ನೋಡಿದರೆ ಯಾವ ಪ್ರಯೋಗಾಲಯದಲ್ಲಾದರೂ ಗುರುತು ಸಿಗುತ್ತಿತ್ತು. ಔಷಧ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ರೋಗಾಣುಗಳನ್ನು ಗುರುತಿಸುವುದನ್ನೇ ಜೀವನ ಮಾಡಿಕೊಂಡ ಮನುಷ್ಯ ತನ್ನ ಕಾಯಿಲೆಯ ಹೆಸರು ಸ್ಪಷ್ಟವಾಗಿ ತಿಳಿದುಕೊಂಡೇ ಹೋದರು. ಪಾವಿಯಾದ ಸ್ಮಶಾನದಲ್ಲಿ ಅವರ ಸಮಾಧಿ ಗುರು ಗಾಲ್ಗಿಯವರ ಸಮಾಧಿಯ ಹತ್ತಿರದಲ್ಲೇ ಇದೆ. ಗುರು ಶಿಷ್ಯನಿಗಿಂತ ಹದಿನಾಲ್ಕು ವರ್ಷ ಹೆಚ್ಚು ಬದುಕಿದರು.

ಇದೆಲ್ಲ ಇಟಲಿಯ ಕಥೆ ಎಂದುಕೊಳ್ಳಬೇಡಿ. ನೆಗ್ರಿಯವರ ಸ್ಲೈಡ್ ಬೇರೆಲ್ಲ ಕಡೆಗಿಂತ ಹೆಚ್ಚು ಬೇಕಾಗಿದ್ದದ್ದು ನಮ್ಮ ದೇಶಕ್ಕೆ. 1900ರಲ್ಲಿ ಹಿಮಾಚಲದ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ಶುರುವಾದಾಗ ದಕ್ಷಿಣದವರು ಕಚ್ಚಿಸಿಕೊಂಡರೆ ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ ರೈಲಿನಲ್ಲಿ ಅಲ್ಲಿಗೆ ಹೋಗಬೇಕಿತ್ತು. ಲಿಲಿ ಪೇಕನ್‌ಹ್ಯಾಮ್ ವಾಲ್ಶ್ ಎಂಬ ಯುವತಿ ಚಿಕಿತ್ಸೆ ಸಿಗದೆ ರೇಬೀಸ್‌ನಿಂದ ತೀರಿಕೊಂಡ ಮೇಲೆ ದಕ್ಷಿಣಕ್ಕೂ ಒಂದು ಬೇಕೆಂಬ ಕೂಗು ಎದ್ದು, ಹೆನ್ರಿ ಫಿಪ್ಸ್ ಎಂಬ ಅಮೆರಿಕದ ದಾನಿಯ ಹಣದಿಂದ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ಕುರಿಯ ಮೆದುಳಿನಿಂದ ಮಾಡಿದ ಲಸಿಕೆ ನಮ್ಮಲ್ಲಿ ಸುಮಾರು ತೊಂಬತ್ತು ವರ್ಷ ಬಳಕೆಯಲ್ಲಿತ್ತು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಎಂದು ನಮ್ಮ ಅಜ್ಜಿ, ದಾದಿಯರು ಇವತ್ತಿಗೂ ಹೇಳುವುದು ಅದನ್ನೇ. 2005ರ ಹೊತ್ತಿಗೆ ಅದು ನಿಂತಿತು. ಈಗಿನ ಲಸಿಕೆ ಜೀವಕೋಶಗಳಲ್ಲಿ ಬೆಳೆಸಿದ್ದು, ತೋಳಿಗೆ ನಾಲ್ಕೈದು ಬಾರಿ, ಪಾರ್ಶ್ವವಾಯುವಿನ ಆ ಭಯ ಇಲ್ಲ. ಆದ್ದರಿಂದ ಈಗ ನಾಯಿಯ ಪರೀಕ್ಷೆಗೆ ಕಾಯುತ್ತ ಕೂರುವ ಪ್ರಶ್ನೆಯೇ ಇಲ್ಲ. ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಲಸಿಕೆ, ಗಾಯದಲ್ಲಿ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೂಡ. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ. ನಾಯಿಯನ್ನು ಹೊಡೆದು ಸಾಯಿಸುವುದೂ ಬೇಡ. ಬಾಯಾರಿದ ನಾಯಿಗೆ ಬಾವಿಯಿಂದ ನೀರು ತಂದುಕೊಟ್ಟವನ ಹದೀಸ್ ನಮಗೆಲ್ಲ ಗೊತ್ತೇ ಇದೆ. ಅದು ಒತ್ತಟ್ಟಿಗಿರಲಿ, ತಲೆ ಜಜ್ಜಿದ ನಾಯಿಯಿಂದ ಪ್ರಯೋಗಾಲಯಕ್ಕೂ ಉಪಯೋಗವಿಲ್ಲ. ಪರೀಕ್ಷೆಗೆ ಬೇಕಾದದ್ದು ಆ ಮೆದುಳೇ.

ನೆಗ್ರಿಯವರ ಪರೀಕ್ಷೆಗೆ ಒಂದು ದೊಡ್ಡ ಮಿತಿ ಇತ್ತು. ಕಾಯ ಕಂಡರೆ ರೇಬೀಸ್ ಖಚಿತ. ಕಾಣದಿದ್ದರೆ ಇಲ್ಲವೆಂದು ಹೇಳುವಂತಿಲ್ಲ. ರೇಬೀಸ್ ಇದ್ದೂ ಕಾಯಗಳು ಸಿಗದ ಮೆದುಳುಗಳು ಸಾಕಷ್ಟಿವೆ. ಆದ್ದರಿಂದ 1958ರಲ್ಲಿ ಅಮೆರಿಕದ ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ ಬೇರೊಂದು ದಾರಿ ತೋರಿಸಿದರು. ರೇಬೀಸ್ ವೈರಸ್ಸಿಗೆ ಮಾತ್ರ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಜೋಡಿಸಿ ಮೆದುಳಿನ ಸ್ಲೈಡ್ ಮೇಲೆ ಹಾಕುವುದು. ವೈರಸ್ ಇದ್ದಲ್ಲಿ ಕತ್ತಲೆಯಲ್ಲಿ ಹಸಿರು ಚುಕ್ಕೆಗಳು ಮಿನುಗುತ್ತವೆ. ಇವತ್ತಿಗೂ ಜಗತ್ತಿನಾದ್ಯಂತ ಮಾನದಂಡ ಈ ಪರೀಕ್ಷೆಯೇ. ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗ ರೇಬೀಸ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರ. ಎಲೆಕ್ಟ್ರಾನಿಕ್ ಸಿಟಿಗೆ ಬಸ್ಸಿನಲ್ಲಿ ಹೋಗುವವರು ದಿನವೂ ಅದರ ಮುಂದೆಯೇ ಹಾದುಹೋಗುತ್ತಾರೆ.

ಬದುಕಿರುವ ರೋಗಿಯ ಮೆದುಳನ್ನು ಕತ್ತರಿಸಿ ನೋಡಲಾಗದು. ಆಗ ಏನು ಮಾಡುತ್ತಾರೆ? ಮೆದುಳು ಜ್ವರ ಎಂದು ಬರುವ ಹೆಚ್ಚಿನವರಿಗೆ ಮೊದಲು ತೆಗೆಯುವುದು ಬೆನ್ನಿನ ನೀರು. ಜರ್ಮನಿಯ ಹೈನ್ರಿಕ್ ಕ್ವಿಂಕೆ 1891ರಲ್ಲಿ ಬಳಕೆಗೆ ತಂದ ವಿಧಾನ ಇದು. ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ ಎಂದು ಹೆದರಿ ಸಹಿ ಹಾಕದ ಮನೆಯವರನ್ನು ಯಾವ ಆಸ್ಪತ್ರೆಯಲ್ಲೂ ನೋಡಬಹುದು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಆ ಕೆಲವು ಮಿಲಿಲೀಟರ್ ನೀರನ್ನು ಬೇರೆ ಬೇರೆ ಟ್ಯೂಬಿಗೆ ಹಾಕಿ, ಒಂದರಲ್ಲಿ ಬಿಳಿ ರಕ್ತಕಣ ಎಣಿಸುತ್ತಾರೆ, ಒಂದರಲ್ಲಿ ಸಕ್ಕರೆ, ಪ್ರೋಟೀನು ಅಳೆಯುತ್ತಾರೆ, ಇನ್ನೊಂದರಲ್ಲಿ ರೋಗಾಣು ಹುಡುಕುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ನ್ಯೂಟ್ರೋಫಿಲ್ ಏರಿ ಸಕ್ಕರೆ ಇಳಿಯುತ್ತದೆ. ಕ್ಷಯವಾದರೆ ಸಾಮಾನ್ಯವಾಗಿ ಲಿಂಫೋಸೈಟ್ ಏರಿ ಸಕ್ಕರೆ ಇಳಿಯುತ್ತದೆ, ಪ್ರೋಟೀನು ಹೆಚ್ಚುತ್ತದೆ. ನೆಗ್ರಿಯವರನ್ನು ಕೊಂದ ಅದೇ ರೋಗಾಣು ಮೆದುಳಿನ ಪೊರೆಗೆ ಹತ್ತಿದಾಗ ಹೀಗಾಗುತ್ತದೆ. ಕೋಲಾರ, ಮಂಡ್ಯದ ಕಡೆ ಹಿಂದೆ ಮಕ್ಕಳನ್ನು ಕಾಡಿದ ಜಪಾನೀಸ್ ಎನ್ಸೆಫಲೈಟಿಸ್ ಆದರೆ ಅದೇ ನೀರಿನಲ್ಲಿ ಐಜಿಎಂ ಪ್ರತಿಕಾಯವನ್ನು ಎಲೈಸಾ ಪರೀಕ್ಷೆಯಿಂದ ಹುಡುಕುತ್ತಾರೆ. ಒಂದೊಂದಕ್ಕೂ ಚಿಕಿತ್ಸೆ ಬೇರೆ, ತಡವಾದಷ್ಟೂ ಮೆದುಳಿಗೆ ನಷ್ಟ. ಈ ನೀರು ಹೊತ್ತ ಟ್ಯೂಬನ್ನು ಲ್ಯಾಬಿನಲ್ಲಿ ಒಂದು ಗಂಟೆ ಸುಮ್ಮನೆ ಇಟ್ಟರೂ ಕಣಗಳು ಒಡೆಯತೊಡಗುತ್ತವೆ. ಅದಕ್ಕೇ ಅದು ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು ಎಂದು ನಮಗೆ ಕಲಿಸುವುದು.

ರೇಬೀಸ್ ಇಲ್ಲೂ ಕಣ್ಣುತಪ್ಪಿಸುತ್ತದೆ. ಬೆನ್ನಿನ ನೀರು ಬಹುಪಾಲು ಸರಿಯಾಗಿಯೇ ಇದ್ದಂತೆ ಕಾಣಬಹುದು. ಎಲ್ಲ ರೋಗಿಗಳೂ ನೀರಿಗೆ ಹೆದರುವುದಿಲ್ಲ. ಕೆಲವರಲ್ಲಿ ಕೈಕಾಲು ಸೋತು ಬರುವ ಬಗೆ ಇದೆ, ಅದು ಗಿಲಾನ್ ಬಾರೆ ಎಂಬ ನರರೋಗದ ಹಾಗೇ ಇರುತ್ತದೆ. ಆದ್ದರಿಂದ ಜೊಲ್ಲು, ಕತ್ತಿನ ಹಿಂಭಾಗದ ಕೂದಲು ಬುಡದ ಚರ್ಮದ ಚೂರು, ಬೆನ್ನಿನ ನೀರು ಎಲ್ಲವನ್ನೂ ತೆಗೆದು ಪಿಸಿಆರ್ ಮಾಡುತ್ತಾರೆ. ಒಮ್ಮೆ ನೆಗೆಟಿವ್ ಬಂದರೆ ಮತ್ತೆ ಮಾಡುತ್ತಾರೆ. ನೂರು ವರ್ಷ ಕಳೆದರೂ ಕಾಣದಿದ್ದರೆ ಇಲ್ಲವೆಂದಲ್ಲ ಎಂಬ ನೆಗ್ರಿ ಕಾಲದ ಎಚ್ಚರಿಕೆ ಹಾಗೇ ಉಳಿದಿದೆ.

ನೆಗ್ರಿ ಕಾಯ ನಿಜಕ್ಕೂ ಏನು ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. 1960ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ವೈರಸ್ಸಿನ ಒಳತಿರುಳು ರಾಶಿಬಿದ್ದ ಜಾಗ ಎಂದು ತಿಳಿಯಿತು. ಆಮೇಲೂ ಬಹಳ ಕಾಲ ಅದನ್ನು ಕಸದ ಗುಡ್ಡೆ ಎಂದೇ ಅನೇಕರು ಭಾವಿಸಿದ್ದರು. 2009ರಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳು ವೈರಸ್ ತನ್ನ ಆರ್‌ಎನ್‌ಎ ತಯಾರಿಸಿಕೊಳ್ಳುವುದೇ ಆ ಕಾಯಗಳ ಒಳಗೆ ಎಂದು ತೋರಿಸಿದರು. ನಮ್ಮ ಪೀಣ್ಯದ ಭಾಷೆಯಲ್ಲಿ ಹೇಳುವುದಾದರೆ ಅದು ಗೋಡೌನ್ ಅಲ್ಲ, ಫ್ಯಾಕ್ಟರಿ. ಅದು ಜೀವಿಯಲ್ಲ, ನಿಜ. ಆದರೆ ರೋಗ ಹುಟ್ಟುವ ಜಾಗವನ್ನೇ 26ರ ಆ ಯುವಕ ಕಂಡಿದ್ದರು.

ನಿಮ್ಹಾನ್ಸ್‌ನ ನ್ಯೂರೋಪೆಥಾಲಜಿ ವಿಭಾಗದಲ್ಲಿ ಮೆದುಳಿನ ವಸ್ತುಸಂಗ್ರಹಾಲಯವಿದೆ, ಗೊತ್ತುಪಡಿಸಿದ ದಿನಗಳಲ್ಲಿ ಸಾರ್ವಜನಿಕರಿಗೂ ತೆರೆದಿರುತ್ತದೆ. ಸೋಂಕು ತಗುಲಿದ ಮೆದುಳುಗಳನ್ನು ಗಾಜಿನ ಜಾಡಿಯಲ್ಲಿ ಹತ್ತಿರದಿಂದ ನೋಡಬಹುದು. ಸಂಸ್ಥೆಯಲ್ಲಿ ಮರಣಾನಂತರ ಕುಟುಂಬಗಳು ದಾನ ಕೊಟ್ಟ ಮೆದುಳುಗಳ ಬ್ಯಾಂಕ್ ಕೂಡ ಇದೆ. ದ್ವಿತೀಯ ಪಿಯುಸಿಯವರು ಪರೀಕ್ಷೆ ಮುಗಿದ ಮೇಲೆ ಒಮ್ಮೆ ಹೋಗಿ ಬನ್ನಿ.

ಲಕ್ಷಣ ಬಂದ ಮೇಲೆ ರೇಬೀಸ್‌ಗೆ ಇವತ್ತಿಗೂ ಔಷಧ ಇಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗಿದ್ದ ಮೇಲೆ ಸಾಯುತ್ತಿರುವವನಿಗೆ ಪರೀಕ್ಷೆ ಮಾಡಿ ಪ್ರಯೋಜನವೇನು ಎಂದು ತರಗತಿಯಲ್ಲಿ ಒಬ್ಬರು ಕೇಳಿದ್ದರು. ರೇಬೀಸ್ ಅಲ್ಲ ಎಂದಾದರೆ ಗುಣಪಡಿಸಬಹುದಾದ ಬೇರೆ ಕಾಯಿಲೆ ಇರಬಹುದು. ಅದು ಒಂದು ಉತ್ತರ. ಹೌದು ಎಂದಾದರೆ ಆ ಕಾಗದ ಆಸ್ಪತ್ರೆಯ ಫೈಲಿನಲ್ಲಿ ನಿಲ್ಲುವುದಿಲ್ಲ. ಒಂದು ಹುಚ್ಚುನಾಯಿ ಒಬ್ಬರನ್ನೇ ಕಚ್ಚಿ ಸುಮ್ಮನಿರುವುದು ಅಪರೂಪ. ಎರಡು ತಿಂಗಳ ಹಿಂದೆ ಅದೇ ಬೀದಿಯಲ್ಲಿ ಆ ನಾಯಿಯಿಂದ ಕಚ್ಚಿಸಿಕೊಂಡು, ಸಣ್ಣ ಗೀರು ಎಂದು ಮನೆಯಲ್ಲಿ ಹೇಳದೆ, ಇನ್ನೂ ಚೆನ್ನಾಗಿಯೇ ಓಡಾಡಿಕೊಂಡಿರುವ ಯಾವುದೋ ಹುಡುಗನನ್ನು ಹುಡುಕಿಕೊಂಡು ಆರೋಗ್ಯ ಇಲಾಖೆಯವರು ಹೊರಡುವುದು ಆ ಕಾಗದ ಹಿಡಿದುಕೊಂಡೇ.